ತೊಳೆದು ಕಳಿಸಿದ ಡಬ್ಬಿ

ಮಧ್ಯಾಹ್ನವಾದರೆ ಊರು ಗೋಡೆಯ ಮೇಲೆ ತಲೆಕೆಳಗಾಗಿ ನಡೆಯುತ್ತಿತ್ತು.

ಭವಾನಿ ಅದನ್ನು ಕಂಡದ್ದು ಕೊಪ್ಪಳಕ್ಕೆ ಬಂದ ಮರುದಿನ. ಊಟ ಮುಗಿಯುತ್ತಲೇ ಅವಳು ಇಳಿದುಕೊಂಡಿದ್ದ ಮನೆಯ ಫಕೀರಮ್ಮ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ, ನಡುಮನೆಯ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ, ಚಾಪೆ ಹಾಸಿಕೊಟ್ಟು ಮಲಗಲು ಹೇಳಿದ್ದರು. ಹಗಲು ನಿದ್ದೆಯ ರೂಢಿಯಿಲ್ಲದ ಅವಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಬೀದಿಯ ಕಡೆಯ ಹಳೆಯ ಕದದಲ್ಲಿ ಯಾವ ಕಾಲಕ್ಕೋ ಮೊಳೆ ಕಿತ್ತ ಒಂದು ತೂತಿತ್ತು. ಅದರಿಂದ ತೂರಿ ಬಂದ ಬೆಳಕು ಎದುರಿನ ಸುಣ್ಣದ ಗೋಡೆಯ ಮೇಲೆ ಹರಡಿ, ಕಣ್ಣು ಕತ್ತಲೆಗೆ ಹೊಂದುತ್ತ ಬಂದಂತೆ ನಿಧಾನವಾಗಿ ಬೀದಿಯಾಯಿತು. ಆಕಾಶ ಕೆಳಗೆ, ರಸ್ತೆ ಮೇಲೆ. ಎದುರು ಮನೆಯ ಬೇವಿನ ಮರ ಸೂರಿನಿಂದ ಇಳಿಬಿದ್ದಿತ್ತು. ಹಸಿರು ಸೀರೆಯ ಹೆಂಗಸೊಬ್ಬಳು ತಲೆ ಕೆಳಗಾಗಿ, ಕೊಡ ಹೊತ್ತುಕೊಂಡು, ಒಂದು ಹನಿಯೂ ಚೆಲ್ಲದೆ ಗೋಡೆಯುದ್ದಕ್ಕೂ ತೇಲಿ ಹೋದಳು.

ಸಣ್ಣ ರಂಧ್ರದಿಂದ ಹಾದ ಬೆಳಕು ಹೀಗೆ ಬಿಂಬವಾಗುವುದು ಹೇಗೆಂದು ಭವಾನಿಗೆ ಗೊತ್ತಿತ್ತು. ಭೌತಶಾಸ್ತ್ರವೇ ಅವಳ ಪಾಠದ ವಿಷಯ. ಗೊತ್ತಿದ್ದೂ ನೋಡುತ್ತಲೇ ಇದ್ದಳು. ಆಮೇಲೆ ಬೀದಿಯಲ್ಲಿ ಯಾರೂ ಸುಳಿಯಲಿಲ್ಲ. ಬರೀ ಬಿಸಿಲು ಗೋಡೆಯ ಮೇಲೆ ನಡುಗುತ್ತ ನಿಂತಿತ್ತು.

ಅವಳು ಬಂದದ್ದೇ ಊರು ನೋಡಲಿಕ್ಕೆ. ಹೈದರಾಬಾದಿನಲ್ಲಿ ಓದುವಾಗ ಪರಿಚಯವಾದ ಸಿದ್ದಲಿಂಗೇಶ ಈಗ ಗಂಗಾವತಿಯಲ್ಲಿ ಭತ್ತದ ತಳಿಗಳ ಮೇಲೆ ಕೆಲಸ ಮಾಡುತ್ತಿದ್ದ. ಮದುವೆಯಾದರೆ ಕೊಪ್ಪಳದಲ್ಲಿ ಮನೆ ಮಾಡುವುದು, ಅವನು ದಿನಾ ಹೋಗಿ ಬರುವುದು, ಅವಳು ಇಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಅವನ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ. ಊರಿನ ಬಗ್ಗೆ ಇತ್ತು. ತುಮಕೂರು ಕಡೆಯ ಅಪ್ಪ ಹವಾಮಾನ ಇಲಾಖೆಯ ನೌಕರಿಯಲ್ಲಿ ಶಿಲ್ಲಾಂಗಿಗೆ ಹೋಗಿ ಅಲ್ಲೇ ನೆಲೆಸಿದವರು. ಅವಳು ಬೆಳೆದದ್ದು ಮೋಡ ಕಿಟಕಿಯಿಂದ ಒಳಗೆ ಬಂದು ಹಾಸಿಗೆಯ ಮೇಲೆ ಕೂರುವ ಮನೆಯಲ್ಲಿ. ಹೂಂ ಅನ್ನುವ ಮೊದಲು ಆ ಊರನ್ನು ಅದರ ಅತಿ ಕೆಟ್ಟ ತಿಂಗಳಲ್ಲೇ ನೋಡುತ್ತೇನೆ ಎಂದಳು. ಸಿದ್ದಲಿಂಗೇಶ ನಕ್ಕು, ಹಾಗಾದರೆ ಮೇ ತಿಂಗಳಲ್ಲಿ ಬಾ, ಭಾನುವಾರ ನಾನೇ ಬಂದು ಉತ್ತರ ಕೇಳುತ್ತೇನೆ ಎಂದ. ಮದುವೆ ಮಾತಿನಲ್ಲಿರುವವರು ಒಂದೇ ಸೂರಿನಡಿ ಇರಬಾರದೆಂದು ಅವಳನ್ನು ತನ್ನ ತಾಯಿಯ ತಂಗಿ, ಚಿಗವ್ವ ಫಕೀರಮ್ಮನ ಮನೆಯಲ್ಲಿ ಬಿಟ್ಟು ತಾನು ಗಂಗಾವತಿಯಲ್ಲಿ ಉಳಿದ.

"ನಮ್ಮ ಕಾಲದಾಗ ಹುಡುಗಿ ನೋಡಾಕ ಬರತಿದ್ರು," ಎಂದು ಫಕೀರಮ್ಮ ಓಣಿಯ ಹೆಂಗಸರಿಗೆಲ್ಲ ಹೇಳಿದರು. "ಈಕಿ ನೋಡ್ರಿ, ಊರು ನೋಡಾಕ ಬಂದಾಳ. ನಮ್ಮೂರಿಗೆ ತಲಿ ಬಾಚಿ ಕುಂಕುಮ ಹಚ್ಚಿ ಕುಂದರಸಬೇಕಾಗೈತಿ."

ಊರು ತಲೆ ಬಾಚಿಕೊಳ್ಳಲಿಲ್ಲ. ಇದ್ದ ಹಾಗೆಯೇ ಇತ್ತು, ಮತ್ತು ತನ್ನಲ್ಲಿ ಇರುವುದು ಹೇಗೆಂದು ಅವಳಿಗೆ ಒಂದೊಂದಾಗಿ ಕಲಿಸಿತು. ಬೆಳಕು ಹರಿಯುವ ಮೊದಲೇ ಕಿಟಕಿಗಳನ್ನು ತೆರೆದು ತಂಪನ್ನು ಒಳಗೆ ಕರೆದುಕೊಳ್ಳಬೇಕು, ಬಿಸಿಲೇರುವ ಮುಂಚೆ ಮುಚ್ಚಿ ಅದನ್ನು ಒಳಗೇ ಇಟ್ಟುಕೊಳ್ಳಬೇಕು. ರಸ್ತೆಯ ಯಾವ ಮಗ್ಗುಲಲ್ಲಿ ನಡೆಯಬೇಕೆಂಬುದನ್ನು ಹೊತ್ತು ನಿರ್ಧರಿಸುತ್ತದೆ. ಬಾಯಾರುವ ತನಕ ಕಾಯಬಾರದು. ಬಾಯಾರಿತು ಅನ್ನಿಸಿದರೆ ಆಗಲೇ ತಡವಾಗಿದೆ ಎಂದರ್ಥ. ನಲ್ಲಿಗೆ ನೀರು ಬಂತೆಂದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ, ಓಣಿಯ ಕೊಡಗಳೆಲ್ಲ ಒಮ್ಮೆಗೇ ಸದ್ದು ಮಾಡುತ್ತವೆ, ನೀರು ನಿಂತ ಮೇಲೆ ಅದೇ ಮಾತು ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಫಕೀರಮ್ಮನ ಗಂಡ ಗವಿಸಿದ್ದಪ್ಪನವರದು ಬೀಜ ಗೊಬ್ಬರದ ಅಂಗಡಿ. ಮಧ್ಯಾಹ್ನ ಅಂಗಡಿಯ ಕಡೆ ಬರಲೇ ಎಂದು ಅವಳು ಕೇಳಿದಾಗ ಅವರು ಗಂಭೀರವಾಗಿ ಹೇಳಿದ್ದರು: "ಹನ್ನೆರಡರಿಂದ ನಾಕರ ಮಟ ಕೊಪ್ಪಳ ಇರಾಂಗಿಲ್ರಿ. ನಾಕಕ್ಕ ಮತ್ತ ಬರ್ತೈತಿ."

ನಿಜಕ್ಕೂ ಹಾಗೇ ಆಗುತ್ತಿತ್ತು. ನಾಲ್ಕಾಗುತ್ತಲೇ ಎಲ್ಲಿಂದಲೋ ಊರು ಮರಳಿ ಬರುತ್ತಿತ್ತು. ಅಂಗಡಿಗಳ ಮುಂದೆ ನೀರು ಹೊಡೆಯುವ ಸದ್ದು, ಬೆಂಕಿಯಂಥ ಮಣ್ಣಿನಿಂದೇಳುವ ಆವಿ, ಜವಾಹರ ರಸ್ತೆಯ ತುದಿಯಲ್ಲಿ ಕಾದ ಎಣ್ಣೆಗೆ ಬೀಳುವ ಮಿರ್ಚಿಯ ವಾಸನೆ. ದಿನವಿಡೀ ಬಿಸಿಲು ಕುಡಿದ ಕಲ್ಲುಗುಡ್ಡಗಳು ಸಂಜೆಯ ಹೊತ್ತಿಗೆ ಅದನ್ನು ಮೆಲ್ಲಗೆ ಹಿಂದಕ್ಕೆ ಕೊಡತೊಡಗುತ್ತಿದ್ದವು. ಮಾಳಿಗೆಯ ಮೇಲೆ ನಿಂತರೆ ಯಾರೋ ಪಕ್ಕದಲ್ಲಿ ನಿಂತು ಉಸಿರಾಡಿದಂತೆ ಮುಖಕ್ಕೆ ತಾಗುತ್ತಿತ್ತು.

ಚೆಂದವಿತ್ತು. ಆದರೆ ಚೆಂದ ಬೇರೆ, ಬದುಕುವುದು ಬೇರೆ. ಶಿಲ್ಲಾಂಗಿನಲ್ಲಿ ಒಗೆದ ಬಟ್ಟೆ ಆರಲು ದಿನಗಳೇ ಬೇಕು. ಇಲ್ಲಿ ಸೀರೆಯ ಒಂದು ತುದಿಗೆ ಕ್ಲಿಪ್ಪು ಹಾಕಿ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಆರಿರುತ್ತಿತ್ತು. ಬೆವರು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಸಂಜೆ ಕುರ್ತಾ ತೆಗೆದು ನೋಡಿದರೆ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆಗಳು ಮಾತ್ರ, ಬತ್ತಿದ ಕೆರೆಯ ದಂಡೆಯಂತೆ. ತಾನೂ ಹೀಗೇ ಗೊತ್ತಾಗದ ಹಾಗೆ ಆರಿಹೋಗುತ್ತಿದ್ದೇನೆ ಅನ್ನಿಸುತ್ತಿತ್ತು ಅವಳಿಗೆ. ಭಾನುವಾರ ಸಿದ್ದಲಿಂಗೇಶನಿಗೆ ಆಗುವುದಿಲ್ಲವೆಂದು ಹೇಗೆ ಹೇಳುವುದೆಂಬ ಮಾತುಗಳನ್ನು ಮನಸ್ಸು ತಾನಾಗಿಯೇ ಜೋಡಿಸತೊಡಗಿತ್ತು. ಅಪ್ಪ ಕೊಟ್ಟು ಕಳಿಸಿದ ಕಿತ್ತಳೆ ಹೂವಿನ ಜೇನಿನ ಬಾಟಲಿ ಅವಳ ಚೀಲದಲ್ಲೇ ಉಳಿದಿತ್ತು. ಗಂಡಿನ ಮನೆಗೆಂದು ಕೊಟ್ಟದ್ದು ಅದು. ಕೊಟ್ಟರೆ ಏನನ್ನೋ ಹೇಳಿದಂತಾಗುತ್ತದೆ ಎಂದು ತೆಗೆದಿರಲಿಲ್ಲ.

ಇನ್ನು ಬುತ್ತಿಯ ವಿಷಯ. ಸಿದ್ದಲಿಂಗೇಶನ ತಾಯಿ ವಿರೂಪಾಕ್ಷಮ್ಮ ಇರುವುದು ಕುಕನೂರು ದಾಟಿ ಯಲಬುರ್ಗಾದ ದಾರಿಯಲ್ಲಿರುವ ಹಳ್ಳಿಯಲ್ಲಿ. ಆಕೆ ಭವಾನಿಯನ್ನು ನೋಡಿರಲಿಲ್ಲ, ಫೋನಿನಲ್ಲೂ ಮಾತಾಡಿರಲಿಲ್ಲ. ಮಗ ವಿಷಯ ತಿಳಿಸಿದಾಗ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ರೊಟ್ಟಿ ತಿಂತಾಳೇನು ಎಂದಷ್ಟೇ ಕೇಳಿದ್ದರಂತೆ. ಭವಾನಿ ಬಂದ ಮರುದಿನದಿಂದ ಬೆಳಗಿನ ಬಸ್ಸಿನಲ್ಲಿ ಬುತ್ತಿ ಬರತೊಡಗಿತು. ಕಾಲೇಜು ಹುಡುಗರಿಗೆ, ಆಸ್ಪತ್ರೆಯಲ್ಲಿದ್ದವರಿಗೆ, ನೌಕರಿಯವರಿಗೆ ಹಳ್ಳಿಗಳಿಂದ ಹೀಗೇ ಬರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಇಳಿಯುವ ಮೊದಲು ಗಂಟುಗಳು ಇಳಿಯುತ್ತವೆ. ಕಂಡಕ್ಟರ್ ಜಿಲಾನಸಾಬ ಡಬ್ಬಿಯನ್ನು ಡ್ರೈವರನ ಪಕ್ಕ ಇಂಜಿನ್ನಿನ ಮುಚ್ಚಳದ ಮೇಲೆ ಇಟ್ಟುಕೊಂಡು ಬರುತ್ತಿದ್ದರಿಂದ ಬಿಚ್ಚುವಾಗ ರೊಟ್ಟಿ ಇನ್ನೂ ಬೆಚ್ಚಗಿರುತ್ತಿತ್ತು. ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಒಂದು ದಿನ ಎಣ್ಣೆಗಾಯಿ. ಮೊದಲ ದಿನ ಭವಾನಿಗೆ ಅರ್ಧ ರೊಟ್ಟಿಗೇ ದವಡೆ ಸೋತಿತ್ತು. ಆಮೇಲಾಮೇಲೆ ಬಸ್ಸಿನ ಹೊತ್ತಿಗೆ ಸರಿಯಾಗಿ ಹಸಿವಾಗತೊಡಗಿತು. ಡಬ್ಬಿಗಳು ಎರಡು, ಒಂದು ಬಂದಾಗ ಹಿಂದಿನ ದಿನದ್ದು ಮರಳಿ ಹೋಗುತ್ತಿತ್ತು. ಅದನ್ನು ಗವಿಸಿದ್ದಪ್ಪನವರು ಅಂಗಡಿಗೆ ಹೋಗುವ ದಾರಿಯಲ್ಲಿ ನೋಡಿಕೊಳ್ಳುತ್ತಿದ್ದರು.

ಶುಕ್ರವಾರ ಗಂಡ ಹೆಂಡತಿ ಇಬ್ಬರೂ ಹೊಸಪೇಟೆಗೆ, ನೆಂಟರ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೊರಟರು. ಖಾಲಿಯಾದ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೇನೆ, ಬಸ್ಸಿಗೆ ಮುಟ್ಟಿಸಿ ಹೊಸದನ್ನು ಇಸಿದುಕೋ ಎಂದು ಫಕೀರಮ್ಮ ಹೇಳಿ ಹೋದರು.

ಮೊದಲ ಸಲ ಮನೆಯ ಕೆಲಸವೊಂದು ತನ್ನ ಪಾಲಿಗೆ ಬಂದದ್ದು ಭವಾನಿಗೆ ಹಿತವೆನಿಸಿತು. ಮುಚ್ಚಳ ತೆಗೆದು ನೋಡಿದರೆ ಡಬ್ಬಿಯ ತಳದಲ್ಲಿ ಒಂದು ಹರಳು ಬೆಲ್ಲ. ಯಾವಾಗಲೋ ಹಾಕಿದ್ದು ಉಳಿದುಬಿಟ್ಟಿದೆ, ಗಡಿಬಿಡಿಯಲ್ಲಿ ಚಿಗವ್ವ ನೋಡಿಲ್ಲ ಅಂದುಕೊಂಡಳು. ಬೆಲ್ಲವನ್ನು ಹಿತ್ತಲಿನ ಇರುವೆಗಳಿಗೆ ಹಾಕಿದಳು. ಏಳು ವರ್ಷದವಳಿದ್ದಾಗ ಅಮ್ಮ ತೀರಿಕೊಂಡ ಮೇಲೆ ಅವಳ ಮನೆಯಲ್ಲಿ ಅಡುಗೆ, ಪಾತ್ರೆ ಎಲ್ಲ ಅಪ್ಪನದೇ. ಪ್ರಯೋಗಾಲಯದ ಗಾಜನ್ನು ತೊಳೆದ ಹಾಗೆ ತೊಳೆಯುತ್ತಿದ್ದರು. ಪಾತ್ರೆಯಲ್ಲಿ ಮೊದಲು ಏನಿತ್ತೆಂದು ಮುಂದೆ ಬಳಸುವವರಿಗೆ ಗೊತ್ತಾಗಬಾರದು, ಅದೇ ಮರ್ಯಾದೆ ಎನ್ನುತ್ತಿದ್ದರು. ಭವಾನಿ ಹಾಗೇ ತೊಳೆದಳು. ಒರೆಸಿ, ವಾಸನೆ ಕೂಡ ಉಳಿಯದಿರಲೆಂದು ಒಂದಿಷ್ಟು ಹೊತ್ತು ಬಿಸಿಲಿಗಿಟ್ಟಳು. ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದ ವಿರೂಪಾಕ್ಷಮ್ಮನ ಹೆಸರು ಹೊಸದರಂತೆ ಹೊಳೆಯಿತು. ತಾನು ಕಾಣದ ಹೆಂಗಸಿಗೆ ತನ್ನ ಕೈಯಿಂದ ಹೋಗುತ್ತಿರುವ ಮೊದಲ ವಸ್ತು. ಬುತ್ತಿಯ ಬಟ್ಟೆಯನ್ನೂ ಒಗೆದು, ಅದು ಆರಿದ ಮೇಲೆ ಮಡಿಕೆ ಸರಿಮಾಡಿ ಗಂಟು ಕಟ್ಟಿದಳು.

ಬಸ್‌ಸ್ಟ್ಯಾಂಡಿನಲ್ಲಿ ಜಿಲಾನಸಾಬ ಗಂಟನ್ನು ಕೈಯಲ್ಲಿ ಹಿಡಿದು ಒಮ್ಮೆ ತೂಗಿ ನೋಡಿದ. ಮೆಲ್ಲಗೆ ಅಲ್ಲಾಡಿಸಿದ. ಸದ್ದಾಗಲಿಲ್ಲ.

"ಇಷ್ಟನರಿ?" ಎಂದು ಕೇಳಿದ.

ಇಷ್ಟೇ ಎಂದಳು ಅವಳು. ಅವನು ಇನ್ನೇನೋ ಕೇಳುವವನಿದ್ದ. ಅಷ್ಟರಲ್ಲಿ ಗದಗಿನ ಬಸ್ಸು ಹಿಂದೆ ಬಂದು ಹಾರ್ನು ಹೊಡೆಯಿತು.

ಶನಿವಾರ ಬುತ್ತಿ ಬರಲಿಲ್ಲ.

ಹೊಸಪೇಟೆಯಿಂದ ಬಂದವರಿಗೆ ದಣಿವಾಗಿದೆಯೆಂದು ಬಸ್‌ಸ್ಟ್ಯಾಂಡಿಗೆ ಅವಳೇ ಹೋಗಿದ್ದಳು. ಗಂಟುಗಳೆಲ್ಲ ಒಂದೊಂದಾಗಿ ತಮ್ಮವರ ಕೈ ಸೇರಿದವು. ಇವತ್ತು ಕೊಟ್ಟಿಲ್ಲ ಎಂದು ಹೇಳುವಾಗ ಜಿಲಾನಸಾಬ ಅವಳ ಮುಖ ನೋಡಲಿಲ್ಲ. ಹಿಂದಿರುಗುವಾಗ ಬಿಸಿಲಿನ ಮಗ್ಗುಲಲ್ಲೇ ನಡೆದು ಬಂದದ್ದು ಮನೆ ತಲುಪಿದ ಮೇಲೆ ಅವಳಿಗೆ ಗೊತ್ತಾಯಿತು.

ಬರಿಗೈಯಲ್ಲಿ ಬಂದವಳನ್ನು ನೋಡಿ ಫಕೀರಮ್ಮ ಮೊದಲು ಅಕ್ಕನಿಗೆ ಹುಷಾರಿಲ್ಲವೇನೋ ಅಂದುಕೊಂಡರು. ಆಮೇಲೆ ಏನೋ ಹೊಳೆದಂತಾಗಿ, ನಿನ್ನೆ ಡಬ್ಬಿ ಸರಿಯಾಗಿ ಮುಟ್ಟಿಸಿದೆಯಾ ಎಂದು ಕೇಳಿದರು. ಭವಾನಿ ತಾನು ಮಾಡಿದ್ದನ್ನೆಲ್ಲ ಹೇಳಿದಳು. ತೊಳೆದದ್ದು, ಒರೆಸಿದ್ದು, ಬಿಸಿಲಿಗಿಟ್ಟದ್ದು, ಬಟ್ಟೆ ಒಗೆದದ್ದು.

"ಅದರಾಗ ನಾ ಬೆಲ್ಲ ಇಟ್ಟಿದ್ನೆಲ್ಲಾ?"

"ಅದು ಉಳಿದದ್ದು ಅಂದುಕೊಂಡೆ ಚಿಗವ್ವ. ತೆಗೆದು ತೊಳೆದೆ."

ಫಕೀರಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಮಣೆಯ ಮೇಲೆ ಕುಳಿತರು. ನಗು ಬಂದಿತ್ತು, ನಗಲಿಲ್ಲ. ಬೀಗರು ನೆಂಟರ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ, ಬೆಲ್ಲವೋ ಸಕ್ಕರೆಯೋ ಪುಠಾಣಿಯೋ, ಏನೂ ಇಲ್ಲದಿದ್ದರೆ ಒಂದು ಹರಳು ಉಪ್ಪಾದರೂ ಇರಲೇಬೇಕು ಎಂದು ವಿವರಿಸಿದರು. ದಿನಾ ತಾನು ಇಟ್ಟೇ ಕಳಿಸುತ್ತಿದ್ದೆ, ಹೇಳಬೇಕೆಂದು ಹೊಳೆಯಲೇ ಇಲ್ಲ, ಉಸಿರಾಡು ಅಂತ ಯಾರಿಗಾದರೂ ಹೇಳುತ್ತೇವಾ ಎಂದರು. ಅವರ ಹಳ್ಳಿಯಲ್ಲಿ ಒಮ್ಮೆ ಒಂದು ಸಂಬಂಧ ಬೇಡವಾದಾಗ ಹೆಣ್ಣಿನವರು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಗಂಡಿನ ಮನೆಯಿಂದ ಬಂದಿದ್ದ ಪಾತ್ರೆಯನ್ನು ಬೆಳಗಿ, ಒರೆಸಿ, ಖಾಲಿ ಕಳಿಸಿದ್ದರು. ಯಾರೂ ಜಗಳವಾಡಲಿಲ್ಲ. ಹೋಗಿ ಬರುವುದು ಅಲ್ಲಿಗೆ ನಿಂತಿತು.

ಅಂದರೆ ಉತ್ತರ ಹೋಗಿಬಿಟ್ಟಿತ್ತು. ಭವಾನಿ ಅದನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದಳು. ಹೇಳಲು ಕಷ್ಟವೆಂದು ದಿನಗಟ್ಟಲೆ ಜೋಡಿಸುತ್ತಿದ್ದ ಮಾತು ಅವಳ ಬಾಯಿಯ ಹಂಗಿಲ್ಲದೆ ಬಸ್ಸು ಹತ್ತಿ ಹೋಗಿ ಮುಟ್ಟಬೇಕಾದಲ್ಲಿ ಮುಟ್ಟಿತ್ತು. ಈಗ ಹಗುರಾಗಬೇಕಿತ್ತು. ಪ್ರಯೋಗದಲ್ಲಿ ಮಾಪಕದ ಮುಳ್ಳು ಅಲ್ಲಾಡಲೇಬೇಕಾದ ಕ್ಷಣಕ್ಕೆ ಕಾಯುವಂತೆ ಕಾದಳು. ಅಲ್ಲಾಡಲಿಲ್ಲ. ಹೊಟ್ಟೆ ಹಸಿದಿತ್ತು, ಅಷ್ಟೇ ಗೊತ್ತಾದದ್ದು; ಬಸ್ಸಿನ ಹೊತ್ತಿನ ಹಸಿವು.

ಫಕೀರಮ್ಮ ಫೋನು ಕೈಗೆತ್ತಿಕೊಂಡರು. ಆದರೆ ನಂಬರು ಒತ್ತಲಿಲ್ಲ.

"ನಾ ಅಕ್ಕಗ ಏನಂತ ಹೇಳ್ಲಿ? ಖಾಲಿ ಬಂದಿದ್ದು ತಪ್ಪಾಗಿ ಬಂತು ಅಂತ ಹೇಳ್ಲೋ, ಖರೇನ ಬಂತು ಅಂತ ಹೇಳ್ಲೋ? ಅದನ್ನ ನೀ ಮೊದಲ ಹೇಳಬೇಕವಾ, ತಂಗಿ."

ಸ್ವಲ್ಪ ಹೊತ್ತು ಕೊಡಿ ಎಂದಳು ಭವಾನಿ. ಆಗಲಿ ಎಂದು ಫಕೀರಮ್ಮ ಫೋನನ್ನು ಗೂಡಿನಲ್ಲಿಟ್ಟು ಕಿಟಕಿಗಳನ್ನು ಮುಚ್ಚತೊಡಗಿದರು.

ಆ ಮಧ್ಯಾಹ್ನ ಅವಳು ಮಲಗಿ ಗೋಡೆಯನ್ನೇ ನೋಡಿದಳು. ಬೇವಿನ ಮರ ಇಳಿಬಿದ್ದಿತ್ತು. ಒಂದು ಎಮ್ಮೆ ಆಕಾಶದ ಮೇಲೆ ಬೆನ್ನಿಟ್ಟುಕೊಂಡು ನಿಧಾನವಾಗಿ ದಾಟಿತು. ನಿದ್ದೆಯೋ ಎಚ್ಚರವೋ ತಿಳಿಯದ ಹೊತ್ತಿನಲ್ಲಿ ಅವಳಿಗೆ ತಾನೂ ಆ ಬೀದಿಯಲ್ಲಿ ಇದ್ದಂತೆ, ಕೈಯಲ್ಲಿ ಗಂಟು ಹಿಡಿದು ನಡೆಯುತ್ತಿದ್ದಂತೆ, ಒಳಗೆ ಕತ್ತಲೆಯಲ್ಲಿ ಮಲಗಿದ ಯಾರೋ ತನ್ನನ್ನು ನೋಡುತ್ತಿದ್ದಂತೆ ಅನ್ನಿಸಿತು. ತಲೆಕೆಳಗಾಗಿ ನಡೆಯುತ್ತಿದ್ದೇನೆಂದು ಆ ನಡೆಯುವವಳಿಗೆ ಗೊತ್ತೇ ಇರಲಿಲ್ಲ. ಅವಳಿಗೆ ನೆಲ ನೆಲವಾಗಿಯೇ ಇತ್ತು.

ಎದ್ದು ಮುಖ ತೊಳೆದು ಚೀಲದಿಂದ ಜೇನಿನ ಬಾಟಲಿಯನ್ನು ತೆಗೆದಳು. ಶಿಲ್ಲಾಂಗಿನಲ್ಲಿ ಕಟ್ಟಿಕೊಳ್ಳುವಾಗ ಅದು ಚಳಿಗೆ ಹೆಪ್ಪುಗಟ್ಟಿ ತುಪ್ಪದಂತೆ ಬೆಳ್ಳಗೆ ಗಟ್ಟಿಯಾಗಿತ್ತು, ಚಮಚ ಇಳಿಯುತ್ತಿರಲಿಲ್ಲ. ಈಗ ಎತ್ತಿ ಹಿಡಿದರೆ ಒಂದು ಹರಳೂ ಇಲ್ಲ. ಇಷ್ಟು ದಿನ ಕತ್ತಲೆಯ ಚೀಲದೊಳಗೆ ಇಲ್ಲಿನ ಸೆಕೆಗೆ ಸದ್ದಿಲ್ಲದೆ ಕರಗಿ, ಹೊನ್ನಿನ ಬಣ್ಣದ ನೀರಾಗಿ ಬಾಟಲಿಯಲ್ಲಿ ಅತ್ತಿತ್ತ ತೂಗಾಡಿತು. ಕದದ ತೂತಿನ ಬೆಳಕಿಗೆ ಹಿಡಿದು ಅದರ ಮೂಲಕ ನೋಡಿದಳು.

ಶುಕ್ರವಾರ ಬುತ್ತಿ ಬಂದು ಮನೆಯಲ್ಲೇ ಉಳಿದಿದ್ದ ಇನ್ನೊಂದು ಡಬ್ಬಿಯನ್ನು ತಂದು ಜೇನನ್ನು ಅದಕ್ಕೆ ಸುರಿದಳು. ಎಚ್ಚರಗೊಂಡು ಬಂದ ಫಕೀರಮ್ಮ ಬಾಗಿಲಲ್ಲೇ ನಿಂತು ನೋಡಿದರು.

"ನೀವು ಫೋನು ಮಾಡಬೇಡಿ ಚಿಗವ್ವ. ನಾನೇ ಹೋಗುತ್ತೇನೆ."

"ಜೇನಾ? ದಾರ್ಯಾಗ ಸೋರ್ತೈತಿ ತಗೋ," ಎಂದರು ಅವರು. ಬೇಡವೆನ್ನಲಿಲ್ಲ. ಮುಚ್ಚಳದ ಸುತ್ತ ಜೋಳದ ಹಿಟ್ಟಿನ ಕಣಕ ಮೆತ್ತಿ, ಮೇಲೆ ಎರಡು ಸುತ್ತು ಬಟ್ಟೆ ಕಟ್ಟಿಕೊಟ್ಟರು.

ಊರು ಮರಳಿ ಬರುವ ಹೊತ್ತಿಗೆ ಅವಳು ಬಸ್‌ಸ್ಟ್ಯಾಂಡಿನಲ್ಲಿದ್ದಳು. ಅದೇ ಬಸ್ಸು, ಅದೇ ಜಿಲಾನಸಾಬ. ಗಂಟಿಗೆ ಕೈಚಾಚಿದವನಿಗೆ, ಇವತ್ತು ಗಂಟಿನ ಜೊತೆ ನಾನೂ ಬರುತ್ತೇನೆ ಎಂದಳು. ಅವನು ಗಂಟಿನ ತಳ ಮುಟ್ಟಿ ನೋಡಿ, ಭಾರ ಐತಿ ಎಂದು ಸಮಾಧಾನದಿಂದ ತಲೆಯಾಡಿಸಿ, ಕಿಟಕಿಯ ಪಕ್ಕ ಕುಳಿತಿದ್ದವನನ್ನು ಎಬ್ಬಿಸಿ ಅವಳಿಗೆ ಜಾಗ ಮಾಡಿಕೊಟ್ಟ.

ಭಾನಾಪುರ ದಾಟಿದ ಮೇಲೆ ಕಲ್ಲುಗುಡ್ಡಗಳು ಒಂದೊಂದಾಗಿ ಹಿಂದೆ ಉಳಿದವು. ಕೆಂಪು ಮಣ್ಣು ಮಸುಕಾಗುತ್ತ ಬಂದು ಎಲ್ಲಿಂದಲೋ ಎರೆ ನೆಲ ಶುರುವಾಯಿತು. ಕಪ್ಪು, ಬಯಲು, ಬಿರುಕು ಬಿಟ್ಟು ಮಳೆಗೆ ಬಾಯ್ದೆರೆದು ಮಲಗಿದ್ದು. ಅದರಾಚೆ ಕಣ್ಣು ಹಾಯುವಷ್ಟು ದೂರ ನೀರಿನಂತೆ ಏನೋ ಹೊಳೆಯುತ್ತಿತ್ತು. ನೀರಲ್ಲವೆಂದು ಅವಳಿಗೆ ಗೊತ್ತಿತ್ತು. ತೊಡೆಯ ಮೇಲಿನ ಡಬ್ಬಿ ಬೆಚ್ಚಗಿತ್ತು, ಒಳಗೆ ಬೆಕ್ಕು ಮಲಗಿದ ಹಾಗೆ.

ವಿರೂಪಾಕ್ಷಮ್ಮನ ಮನೆ ದಾರಿಯ ಮಗ್ಗುಲಲ್ಲೇ ಇತ್ತು. ಬಾಗಿಲ ಮುಂದೆ ಜೋಳ ಹರವಿಕೊಂಡು ಕಲ್ಲು ಆರಿಸುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದರು. ಕೈಯಲ್ಲಿದ್ದ ಗಂಟಿನಿಂದಲೇ ಯಾರೆಂದು ತಿಳಿದಿರಬೇಕು. ಎದ್ದು, ಒಂದು ಚೊಂಬು ನೀರು ತಂದು ಕಾಲಿಗೆ ಕೊಟ್ಟರು, ಇನ್ನೊಂದು ತಂದು ಕುಡಿಯಲು ಕೊಟ್ಟರು. ಮಣ್ಣಿನ ಕೊಡದ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪಾಗಿತ್ತು.

ಒಳಗೆ ಕತ್ತಲೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲಿನ ಒಂದು ದುಂಡು ತುಣುಕು ಗೋಡೆಯ ಮೇಲೆ ಕೆಂಪಗಾಗುತ್ತಿತ್ತು. ಅದರ ಕೆಳಗಿನ ಗೂಡಿನಲ್ಲಿ ಅವಳು ತೊಳೆದು ಕಳಿಸಿದ ಡಬ್ಬಿ, ಗಂಟು ಬಿಚ್ಚಿ ನೋಡಿ ಮತ್ತೆ ಬಂದ ಹಾಗೆಯೇ ಕಟ್ಟಿಟ್ಟದ್ದು, ಇತ್ತು. ಭವಾನಿ ತನ್ನ ಗಂಟನ್ನು ಅದರ ಮುಂದೆ ನೆಲದ ಮೇಲಿಟ್ಟಳು.

ವಿರೂಪಾಕ್ಷಮ್ಮ ಕಣಕವನ್ನು ಉಗುರಿನಿಂದ ಬಿಡಿಸಿ ಮುಚ್ಚಳ ತೆಗೆದರು. ಬಹಳ ಹೊತ್ತು ಒಳಗೆ ನೋಡಿದರು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರು, ಯಾವ ಹೂವು ಎಂದು ಕೇಳಿದರು. ಕಿತ್ತಳೆ ಎಂದಳು ಭವಾನಿ. ನಮ್ಮ ಕಡೆ ಬೆಟ್ಟದ ಇಳಿಜಾರಿನಲ್ಲಿ ಬೆಳೆಯುತ್ತದೆ ಎಂದಳು. ಡಬ್ಬಿ ಖಾಲಿ ಕಳಿಸಬಾರದೆಂದು ಗೊತ್ತಿರಲಿಲ್ಲ, ನಮ್ಮ ಮನೆಯಲ್ಲಿ ಚೆನ್ನಾಗಿ ತೊಳೆಯುವುದೇ ಮರ್ಯಾದೆ ಎಂದು ಗೂಡಿನಲ್ಲಿದ್ದ ಡಬ್ಬಿಯ ಕಡೆ ಕೈ ತೋರಿಸಿದಳು.

"ನಿನಗ ಗೊತ್ತಿರಾಕಿಲ್ಲ ಅಂತ ನನಗೂ ಅನಿಸಿತ್ತವಾ," ಎಂದರು ವಿರೂಪಾಕ್ಷಮ್ಮ. "ಬ್ಯಾರೆ ಕಡೆ ಬೆಳದಾಕಿ, ನಿನಗ ಹೆಂಗ ಗೊತ್ತಿರಬೇಕು. ಸಿದ್ದೂಗೂ ಹೇಳಿಲ್ಲ ನಾ. ಆದ್ರ ಮುಂಜಾನೆ ಒಲಿ ಮುಂದ ಕುಂತಾಗ ಕೈ ಏಳ್ಲಿಲ್ಲ."

ಅವರು ತಾಟಿಗೆ ನೀರು ಹಾಕಿ, ಇರುವೆ ಹತ್ತದ ಹಾಗೆ ಜೇನಿನ ಡಬ್ಬಿಯನ್ನು ಅದರ ನಡುವೆ ಇಟ್ಟರು. ಆಮೇಲೆ ಒಲೆ ಹಚ್ಚಿದರು. ಊಟದ ಹೊತ್ತಾಗಿರಲಿಲ್ಲ, ಆದರೂ ಹಿಟ್ಟು ನಾದಿದರು.

"ಇದು ಭಾಳ ಐತಿ, ತೀರಾಕ ತಡ ಆಗ್ತೈತಿ. ಡಬ್ಬಿ ಲಗೂನ ಹೊಳ್ಳಿ ಬರಾಂಗಿಲ್ಲ," ಎಂದರು ಅವಳ ಕಡೆ ನೋಡದೆ.

"ಬರೋದು ಬೇಡ ಅತ್ತಿ," ಎಂದಳು ಭವಾನಿ. "ಇಲ್ಲೇ ಇರಲಿ."

ಒಲೆಯ ಮುಂದೆ ಕೈ ಎದ್ದಿತು. ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದು ನಿಧಾನವಾಗಿ ಶುರುವಾಗಿ ಲಯ ಹಿಡಿಯಿತು. ಗೋಡೆಯ ಮೇಲಿನ ಬಿಸಿಲಿನ ತುಣುಕು ಮಾಳಿಗೆಯ ತೊಲೆ ಮುಟ್ಟಿತ್ತು. ನಾಳೆ ಭಾನುವಾರ, ಸಿದ್ದಲಿಂಗೇಶ ಕೊಪ್ಪಳಕ್ಕೆ ಬರುತ್ತಾನೆ ಎಂದು ಅವಳಿಗೆ ಒಮ್ಮೆಲೇ ನೆನಪಾಯಿತು. ಅಷ್ಟರಲ್ಲಿ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿತು, ಅವಳು ತಾಟು ತರಲು ಎದ್ದಳು.